ಹಳೆಯ ಪಿಕಪ್ಪಿಗೆ ಹೊಸ ಬೆಳಕು



ಒಮಾನಿನಲ್ಲಿ ವಾಸಿಸುವ ನಮಗೆಲ್ಲರಿಗೂ ಪಿಕಪ್ ವಾಹನ ಚಿರಪರಿಚಿತ. ತರಕಾರಿ, ಮೀನು, ಸಿಮೆಂಟು, ಒಮ್ಮೊಮ್ಮೆ ಒಂಟೆಮರಿಯನ್ನೂ ಹೊತ್ತು ಇಪ್ಪತ್ತು ಮೂವತ್ತು ವರ್ಷ ದುಡಿದ ಹೈಲಕ್ಸ್, ನಿಸ್ಸಾನ್ ಗಾಡಿಗಳು ಇಂದಿಗೂ ಇಲ್ಲಿನ ರಸ್ತೆಗಳಲ್ಲಿ ಓಡುತ್ತಿವೆ. ಎಂಜಿನ್ ಗಟ್ಟಿಮುಟ್ಟಾಗಿದ್ದರೂ ಹೆಡ್‌ಲೈಟ್ ಮಾತ್ರ ವರ್ಷದಿಂದ ವರ್ಷಕ್ಕೆ ಮಂಕಾಗುತ್ತದೆ. ಕನ್ನಡ ಪಾಠ ಹೇಳುವ ನಮಗೆ ಹೆಡ್‌ಲೈಟಿನ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಖರೀಫ್ ಕಾಲದಲ್ಲಿ ನಮ್ಮ ಎಷ್ಟೋ ಕುಟುಂಬಗಳು ಮಸ್ಕತ್ತಿನಿಂದ ಸುಮಾರು ಸಾವಿರ ಕಿ.ಮೀ. ದೂರದ ಸಲಾಲಾಕ್ಕೆ ರಸ್ತೆಯಲ್ಲೇ ಹೋಗುತ್ತವೆ. ಆದಂ ದಾಟಿದ ಮೇಲೆ ಹೈಮಾದ ಕಡೆಗೆ ಬರೀ ಮರುಭೂಮಿ. ಈ ಪಿಕಪ್‌ಗಳೂ ಅಂಥ ರಸ್ತೆಗಳಲ್ಲೇ ಓಡುತ್ತವೆ. ಅವುಗಳ ದೀಪ ಮಂಕಾಗಿದ್ದರೆ ಓಡಿಸುವವರಿಗೆ ಅಪಾಯ, ಕಣ್ಣು ಕುಕ್ಕುವಂತಿದ್ದರೆ ಎದುರಿಗೆ ಬರುವ ನಮಗೆ ಅಪಾಯ.

ಒಂಟೆಯ ವಿಷಯವನ್ನೇ ನೋಡಿ. ಅದರ ಕಾಲು ಉದ್ದ, ಹೊಟ್ಟೆ ನೆಲದಿಂದ ಒಂದು ಮೀಟರಿಗಿಂತ ಮೇಲೆ. ಡಿಮ್ ದೀಪದ ಬೆಳಕು ದೂರದಲ್ಲಿ ಅದರ ತೆಳ್ಳನೆಯ ಕಾಲುಗಳಿಗಷ್ಟೇ ತಾಗುತ್ತದೆ. ದನದ ಕಣ್ಣು ಹೊಳೆದಂತೆ ಒಂಟೆಯ ಕಣ್ಣು ಹೊಳೆದು ಎಚ್ಚರಿಸುವುದಿಲ್ಲ. ಇನ್ನು ವೇಗದ ಲೆಕ್ಕ. ಗಂಟೆಗೆ 100 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಕಂಡದ್ದನ್ನು ಗ್ರಹಿಸಿ ಬ್ರೇಕಿನ ಮೇಲೆ ಕಾಲಿಡಲು ಒಂದೂವರೆ ಸೆಕೆಂಡು, ಆಮೇಲೆ ಗಾಡಿ ನಿಲ್ಲುವ ದೂರ, ಎಲ್ಲ ಸೇರಿ ಹತ್ತಿರ ಹತ್ತಿರ 100 ಮೀಟರ್ ಬೇಕು. ವೇಗವನ್ನು 80ಕ್ಕೆ ಇಳಿಸಿದರೆ ಸುಮಾರು 70 ಮೀಟರ್ ಸಾಕು.

ದೀಪ ಮಂಕಾಯಿತೆಂದ ಕೂಡಲೇ ಬಹಳ ಮಂದಿ ಮಾಡುವ ಕೆಲಸವೆಂದರೆ ಅಂಗಡಿಗೆ ಹೋಗಿ ಅಚ್ಚ ಬಿಳಿಯ ಎಲ್‌ಇಡಿ ಬಲ್ಬ್ ತಂದು ಹಳೆಯ ದೀಪದೊಳಗೆ ಸಿಕ್ಕಿಸುವುದು. ಇದು ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ. ಕಾರಣ ತಿಳಿಯಲು ಬಲ್ಬಿನ ಒಳಗೆ ಇಣುಕಬೇಕು. ಹ್ಯಾಲೊಜೆನ್ ದೀಪ ಯುರೋಪಿನ ವಾಹನಗಳಿಗೆ ಬಂದದ್ದು 1962ರಲ್ಲಿ. ಎರಡು ತಂತುಗಳ ಎಚ್-4 ಬಲ್ಬ್ ಬಂದದ್ದು 1971ರಲ್ಲಿ. ಹಳೆಯ ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಇದೇ, ಊರಿನ ಎಷ್ಟೋ ಕಾರುಗಳಲ್ಲೂ ಇದೇ. ಹೈಬೀಮಿಗೆ 60 ವಾಟ್, ಡಿಮ್‌ಗೆ 55 ವಾಟ್. ಡಿಮ್ ತಂತುವಿನ ಕೆಳಗೆ ದೋಣಿಯಂಥ ಪುಟ್ಟ ಲೋಹದ ಮರೆಯೊಂದಿದೆ. ರಿಫ್ಲೆಕ್ಟರಿನ ಕೆಳಭಾಗಕ್ಕೆ ಬೆಳಕು ಬೀಳದಂತೆ ಅದು ತಡೆಯುತ್ತದೆ. ಆದ್ದರಿಂದಲೇ ಗೋಡೆಯ ಮೇಲೆ ಡಿಮ್ ಬೆಳಕಿಗೆ ಕತ್ತರಿಸಿದಂಥ ಅಂಚು ಕಾಣುತ್ತದೆ, ಎದುರಿನವರ ಕಣ್ಣಿಗೆ ಬೆಳಕು ಹೊಡೆಯುವುದಿಲ್ಲ. ತಂತು ಒಂದೆರಡು ಮಿಲಿಮೀಟರ್ ಸರಿದರೂ ಈ ಏರ್ಪಾಡು ಕೆಡುತ್ತದೆ. ಎಲ್‌ಇಡಿ ಬಲ್ಬಿನಲ್ಲಿ ತಂತುವಿನ ಬದಲು ಚಪ್ಪಟೆಯಾದ ಚಿಪ್‌ಗಳು ಎರಡು ಬದಿಗೆ ಮುಖ ಮಾಡಿರುತ್ತವೆ. ಹತ್ತಿರದ ರಸ್ತೆ ಹಗಲಿನಂತೆ ಬೆಳಗುತ್ತದೆ, ಆದರೆ ದೂರ ಅಷ್ಟಾಗಿ ಕಾಣುವುದಿಲ್ಲ, ಎದುರಿನವರಿಗೋ ಕಣ್ಣು ಕತ್ತಲೆ. ಎಲ್‌ಇಡಿಯೇ ಬೇಕೆಂದಿದ್ದರೆ ಅದಕ್ಕೆಂದೇ ರೂಪಿಸಿದ, ಲೆನ್ಸ್ ಸಮೇತವಾದ ಇಡೀ ದೀಪವನ್ನು ಹಾಕಿಸಬೇಕು.

100 ವಾಟಿನ ಬಲ್ಬುಗಳೂ ಮಾರಾಟಕ್ಕಿವೆ. ಹಳೆಯ ಸಪೂರ ವೈರು ಆ ಕರೆಂಟನ್ನು ತಾಳದೆ ಬಿಸಿಯಾಗಿ ಪ್ಲಾಸ್ಟಿಕ್ ಸಾಕೆಟ್ ಕರಗಬಹುದು.

ಹಾಗಾದರೆ ಏನು ಮಾಡಬೇಕು? ಮೊದಲು ಗಾಜನ್ನೂ ರಿಫ್ಲೆಕ್ಟರನ್ನೂ ನೋಡಿ. ಮರಳುಗಾಳಿಗೆ ಗಾಜು ಉಜ್ಜಿಹೋಗಿದ್ದರೆ ಅಥವಾ ಒಳಗಿನ ಬೆಳ್ಳಿಬಣ್ಣದ ಲೇಪ ಕಪ್ಪಾಗಿದ್ದರೆ ಯಾವ ಬಲ್ಬ್ ಹಾಕಿದರೂ ಪ್ರಯೋಜನವಿಲ್ಲ, ದೀಪವನ್ನೇ ಬದಲಿಸಬೇಕು. ಇಲ್ಲಿ ಒಂದು ಎಚ್ಚರಿಕೆ. ಊರಿನಲ್ಲಿ ಅಗ್ಗಕ್ಕೆ ಸಿಗುತ್ತದೆಂದು ಮೆಕ್ಯಾನಿಕ್‌ಗಳು 'ಡೂಮ್' ಎನ್ನುವ ದೀಪವನ್ನು ಸೂಟ್‌ಕೇಸಿನಲ್ಲಿ ತರಬೇಡಿ. ಡಿಮ್ ಬೆಳಕು ರಸ್ತೆಯಂಚಿನ ಕಡೆಗೆ ಸ್ವಲ್ಪ ಮೇಲೇರುತ್ತದೆ, ಎದುರು ವಾಹನದ ಕಡೆಗೆ ತಗ್ಗಿರುತ್ತದೆ. ಕರ್ನಾಟಕದಲ್ಲಿ ನಾವು ಎಡಗಡೆ ಓಡಿಸುವವರು, ಇಲ್ಲಿ ಬಲಗಡೆ. ಅಲ್ಲಿಯ ದೀಪ ಇಲ್ಲಿ ಮೇಲೇರುವುದು ನೇರವಾಗಿ ಎದುರಿನವರ ಮುಖಕ್ಕೆ! ಜಪಾನಿನ ರಸ್ತೆಗಳಿಗೆಂದು ಮಾಡಿದ ದೀಪಕ್ಕೂ ಇದೇ ಮಾತು. ಗಾಜಿನ ಮೇಲೆ ವೃತ್ತದೊಳಗೆ ಇಂಗ್ಲಿಷಿನ 'ಇ' ಅಕ್ಷರವೂ ಒಂದು ಅಂಕಿಯೂ ಇದ್ದರೆ ಪಕ್ಕದಲ್ಲಿ ಬಾಣದ ಗುರುತು ಇದೆಯೇ ಎಂದು ಹುಡುಕಿ. ಒಂದೇ ಕಡೆಯ ಬಾಣವಿದ್ದರೆ ಅದು ಎಡಗಡೆ ಸಂಚಾರದ ದೇಶಗಳದ್ದು. ಬಾಣವಿಲ್ಲದಿದ್ದರೆ ಬಲಗಡೆಯದ್ದು, ಅದೇ ನಮಗೆ ಬೇಕಾದುದು.

ಎರಡನೆಯದು ಕರೆಂಟು. ಹಳೆಯ ಗಾಡಿಗಳಲ್ಲಿ ದೀಪಕ್ಕೆ ಹೋಗುವ ವಿದ್ಯುತ್ತು ಬ್ಯಾಟರಿಯಿಂದ ಸ್ಟೀರಿಂಗ್ ಹತ್ತಿರದ ಸ್ವಿಚ್ಚಿನವರೆಗೆ ಬಂದು ಮತ್ತೆ ಮುಂದಕ್ಕೆ ಹೋಗುವುದುಂಟು. ಸವೆದ ಸ್ವಿಚ್ಚು, ತುಕ್ಕು ಹಿಡಿದ ಅರ್ತಿಂಗ್, ಎಲ್ಲವೂ ಸ್ವಲ್ಪ ಸ್ವಲ್ಪ ನುಂಗುತ್ತವೆ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 14 ವೋಲ್ಟ್ ಇದ್ದು ಬಲ್ಬಿಗೆ 12.6 ತಲುಪಿದರೆ ನಷ್ಟ ಶೇಕಡಾ 10 ಮಾತ್ರ ಎನಿಸುತ್ತದೆ. ಆದರೆ ಹ್ಯಾಲೊಜೆನ್ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತಕ್ಕೆ ಅನುಗುಣವಾಗಿ ಬದಲಾಗುತ್ತದೆ. ಹಿರಿಯ ತರಗತಿಯವರು ಕ್ಯಾಲ್ಕುಲೇಟರಿನಲ್ಲಿ 0.9ರ 3.4ನೇ ಘಾತ ಎಷ್ಟೆಂದು ನೋಡಿ, ಸುಮಾರು 0.7 ಬರುತ್ತದೆ. ಅಂದರೆ ಬೆಳಕಿನ ಶೇಕಡಾ 30 ಭಾಗ ವೈರಿನಲ್ಲೇ ಮಾಯ! ಇದಕ್ಕೆ ಪರಿಹಾರ ರಿಲೇ. ಬ್ಯಾಟರಿಯಿಂದ ಫ್ಯೂಸ್ ಮೂಲಕ ದಪ್ಪ ವೈರು ಎಳೆದು, ಡಿಮ್‌ಗೊಂದು ಹೈಬೀಮಿಗೊಂದು ರಿಲೇ ಹಾಕಿದರೆ ಹಳೆಯ ಸ್ವಿಚ್ಚು ರಿಲೇಯನ್ನು ಎಬ್ಬಿಸುವಷ್ಟು ಅಲ್ಪ ಕರೆಂಟನ್ನು ಮಾತ್ರ ಹೊರುತ್ತದೆ. ಕೆಲವೇ ರಿಯಾಲಿನ ಈ ಕೆಲಸವನ್ನು ತಿಳಿದ ಎಲೆಕ್ಟ್ರಿಷಿಯನ್‌ನಿಂದಲೇ ಮಾಡಿಸಿ. ಹೊಸ ಬಲ್ಬ್ ಹಾಕುವಾಗ ಅದರ ಗಾಜನ್ನು ಬೆರಳಿನಿಂದ ಮುಟ್ಟಬಾರದು. ಬೆರಳಿನ ಎಣ್ಣೆಯಂಶ ಅಂಟಿದ ಕಡೆ ಗಾಜು ಅತಿಯಾಗಿ ಕಾದು ಬಲ್ಬ್ ಬೇಗ ಹಾಳಾಗುತ್ತದೆ.

ಕೊನೆಯದು ದೀಪದ ದಿಕ್ಕು. ಸಮತಟ್ಟಾದ ಜಾಗದಲ್ಲಿ ಗೋಡೆಯಿಂದ 10 ಮೀಟರ್ ದೂರ ನಿಲ್ಲಿಸಿ ಡಿಮ್ ಹಾಕಿ. ಬೆಳಕಿನ ಅಂಚು ದೀಪದ ಎತ್ತರಕ್ಕಿಂತ ಸುಮಾರು 10 ಸೆಂ.ಮೀ. ಕೆಳಗಿರಬೇಕು. ದೀಪ ನೆಲದಿಂದ 80 ಸೆಂ.ಮೀ. ಎತ್ತರದಲ್ಲಿದ್ದರೆ ಆ ಅಂಚು 80 ಮೀಟರ್ ದೂರದಲ್ಲಿ ನೆಲ ಮುಟ್ಟುತ್ತದೆ. ಮೇಲೆ ಹೇಳಿದ 100 ಮೀಟರಿನ ಲೆಕ್ಕ ನೆನಪಿದೆಯಲ್ಲವೇ? ಡಿಮ್‌ನಲ್ಲಿ ಎಷ್ಟೇ ಒಳ್ಳೆಯ ದೀಪವಿದ್ದರೂ 100ರ ವೇಗಕ್ಕೆ ಸಾಲದು. ಎದುರಿಗೆ ಯಾರೂ ಇಲ್ಲದಾಗ ಹೈಬೀಮ್, ಇದ್ದಾಗ ಡಿಮ್ ಮತ್ತು ಕಡಿಮೆ ವೇಗ.

ಪಿಕಪ್ಪಿಗೆ ಮಾತ್ರ ಇನ್ನೊಂದು ತೊಡಕಿದೆ. ಹಿಂದೆ ಹೊರೆ ಹೇರಿದರೆ ಮೂಗು ಮೇಲೇಳುತ್ತದೆ. ಒಂದೇ ಒಂದು ಡಿಗ್ರಿ ಎದ್ದರೂ 50 ಮೀಟರ್ ದೂರದಲ್ಲಿ ಬೆಳಕಿನ ಅಂಚು ನೆಲದಿಂದ ಸುಮಾರು 117 ಸೆಂ.ಮೀ. ಎತ್ತರಕ್ಕೆ ಏರುತ್ತದೆ, ಅಂದರೆ ಸಣ್ಣ ಕಾರಿನ ಚಾಲಕರ ಕಣ್ಣಿನ ಮಟ್ಟ. ಹೊಸ ಗಾಡಿಗಳಲ್ಲಿ ಇದನ್ನು ತಗ್ಗಿಸಲು ಡ್ಯಾಶ್‌ಬೋರ್ಡಿನಲ್ಲಿ ಒಂದು ಗುಂಡಿ ಇರುತ್ತದೆ. ಹಳೆಯದರಲ್ಲಿ ಅದಿಲ್ಲದಿದ್ದರೆ, ದಿನವೂ ಹೊರುವಷ್ಟು ಹೊರೆಯನ್ನು ಹೇರಿಯೇ ಗೋಡೆಯ ಮುಂದೆ ನಿಲ್ಲಿಸಿ ದೀಪದ ಸ್ಕ್ರೂಗಳನ್ನು ತಿರುಗಿಸಬೇಕು.