ಸೂಜಿಯಿಂದ ಬರೆದ ಅಹವಾಲು

ಇಂಗ್ಲೆಂಡಿನ ಉತ್ತರಕ್ಕೆ ಯಾರ್ಕ್‌ಷೈರ್ ಎಂಬ ವಿಶಾಲವಾದ ಸೀಮೆ. ಅಲ್ಲಿಯ ವೇಕ್‌ಫೀಲ್ಡ್ ನಗರದಲ್ಲಿ ಮನೋರೋಗ ಚಿಕಿತ್ಸೆಯ ಚರಿತ್ರೆಯನ್ನು ತೋರಿಸುವ ಒಂದು ವಸ್ತುಸಂಗ್ರಹಾಲಯವಿದೆ. ರೋಗಿಗಳನ್ನು ಬಿಗಿದಿಡುತ್ತಿದ್ದ ಸಾಧನಗಳು, ಗೋಡೆಗಳಿಗೆ ಮೆತ್ತೆ ಹೊದಿಸಿದ ಒಂಟಿ ಕೋಣೆ—ನೋಡುವವರ ಎದೆ ಝಲ್ಲೆನ್ನುವ ಇಂಥ ವಸ್ತುಗಳ ನಡುವೆ ಕೆಲವು ಕಸೂತಿಯ ಬಟ್ಟೆಗಳೂ ಇವೆ. ಕಸೂತಿಯೆಂದೊಡನೆ ನಮ್ಮ ವಾಚಕಿಯರ ಕಣ್ಣಿಗೆ ಇಳಕಲ್ ಸೀರೆಯ ಮೇಲಿನ ತೇರು, ಗೋಪುರ, ತುಳಸೀಕಟ್ಟೆಗಳು ಬರುವುದು ಸಹಜ. ಈ ಬಟ್ಟೆಗಳ ಮುಖ್ಯ ಅಲಂಕಾರವಾದರೋ ಅಕ್ಷರಗಳು. ದಾರದಿಂದ ಎಣಿಸಿ ಎಣಿಸಿ ಮೂಡಿಸಿದ ವಾಕ್ಯಗಳು. ಅವು ಕಾಗದಗಳು, ಅರ್ಜಿಗಳು, ಅಹವಾಲುಗಳು. ಅವುಗಳಲ್ಲೊಂದು ಸಾಕ್ಷಾತ್ ವಿಕ್ಟೋರಿಯಾ ಮಹಾರಾಣಿಯನ್ನೇ ಉದ್ದೇಶಿಸಿದ್ದು.

ಇವನ್ನು ಹೊಲಿದಾಕೆ ಮೇರಿ ಫ್ರಾನ್ಸಿಸ್ ಹೀಟನ್. ಜನಿಸಿದ್ದು 1801ರಲ್ಲಿ. ಯಾರ್ಕ್‌ಷೈರಿನ ಡಾನ್‌ಕ್ಯಾಸ್ಟರ್ ಪಟ್ಟಣದಲ್ಲಿ ಸಂಗೀತದ ಪಾಠ ಹೇಳಿ ಜೀವಿಸುತ್ತಿದ್ದ ಅವಿವಾಹಿತ ಸ್ತ್ರೀ. ಆ ಕಾಲದ ಇಂಗ್ಲೆಂಡಿನಲ್ಲಿ ವಿದ್ಯಾವಂತಳಾದ ಒಂಟಿ ಹೆಂಗಸಿಗೆ ಮರ್ಯಾದೆಯಿಂದ ಬದುಕಲು ಇದ್ದ ದಾರಿಗಳು ಬಲು ಕಡಮೆ. ಸಿರಿವಂತರ ಮನೆಯ ಮಕ್ಕಳಿಗೆ ಉಪಾಧ್ಯಾಯಿನಿಯಾಗುವುದು ಒಂದು. ಹೆಣ್ಣುಮಕ್ಕಳಿಗೆ ಸಂಗೀತ ಕಲಿಸುವುದು ಇನ್ನೊಂದು. ತಿಂಗಳು ಕಳೆದು ಕೈಗೆ ಬರುವ ಸಂಭಾವನೆಯೇ ಅವರ ಆಸ್ತಿ.

ಊರಿನ ಪಾದ್ರಿಯ ಮಗಳು ಆಕೆಯ ಶಿಷ್ಯೆಯರಲ್ಲಿ ಒಬ್ಬಳು. ಆ ಪಾಠದ ಹಣ ತನಗೆ ಬರಲಿಲ್ಲವೆಂಬುದು ಮೇರಿಯ ದೂರು. ಕೊನೆಗೊಂದು ದಿನ, 1837ರಲ್ಲಿ, ಇಗರ್ಜಿಯಲ್ಲಿ ಉಪಾಸನೆ ನಡೆಯುತ್ತಿದ್ದಾಗಲೇ ಆಕೆ ಎದ್ದು ನಿಂತು, ನೆರೆದ ಜನರೆಲ್ಲರ ಎದುರಿಗೆ ಪಾದ್ರಿಯನ್ನು ಕಪಟಿಯೆಂದು ಜರೆದಳು. ನಮ್ಮಲ್ಲಿ ಮಠದ ಸ್ವಾಮಿಗಳ ಪ್ರವಚನದ ನಡುವೆ ಸಂಗೀತದ ಮೇಷ್ಟರೊಬ್ಬರು ಎದ್ದು, “ಮೊದಲು ನನ್ನ ಬಾಕಿ ತೀರಿಸಿ!” ಎಂದು ಕೂಗಿದರೆ ಸಭೆ ಹೇಗೆ ಬೆಚ್ಚಿಬಿದ್ದೀತೋ ಊಹಿಸಿಕೊಳ್ಳಿ. ಆದರೆ ಇಲ್ಲಿ ಪರಿಣಾಮ ಬೆಚ್ಚುವುದರಲ್ಲಿ ಮುಗಿಯಲಿಲ್ಲ. ಆಕೆಯನ್ನು ಹಿಡಿದು ಮ್ಯಾಜಿಸ್ಟ್ರೇಟರ ಮುಂದೆ ತಂದರು. ಅಂದಿನ ಇಂಗ್ಲೆಂಡಿನ ಗ್ರಾಮಾಂತರದಲ್ಲಿ ಎಷ್ಟೋ ಮಂದಿ ಮ್ಯಾಜಿಸ್ಟ್ರೇಟರು ಸ್ವತಃ ಪಾದ್ರಿಗಳೇ ಆಗಿದ್ದರೆಂಬುದನ್ನು ಇಲ್ಲಿ ನೆನೆಯಬೇಕು. ವಿಚಾರಣೆಯಲ್ಲಿ ಸಾಲದ ಲೆಕ್ಕ ಹಿಂದೆ ಸರಿಯಿತು. ದೂರಿದವಳ ಬುದ್ಧಿಯೇ ಮುಖ್ಯ ಪ್ರಶ್ನೆಯಾಯಿತು. ಈಕೆಗೆ ಬುದ್ಧಿಭ್ರಮಣೆಯೆಂದು ನಿರ್ಧಾರವಾಗಿ, ವೇಕ್‌ಫೀಲ್ಡಿನಲ್ಲಿದ್ದ ವೆಸ್ಟ್ ರೈಡಿಂಗ್ ಬಡ ಉನ್ಮತ್ತರ ಆಶ್ರಮಕ್ಕೆ ಕಳುಹಿಸಲಾಯಿತು. ಆಗ ಆಕೆಯ ವಯಸ್ಸು ಮೂವತ್ತೈದರ ಆಸುಪಾಸು. ಇದಾದದ್ದು ವಿಕ್ಟೋರಿಯಾ ಸಿಂಹಾಸನವೇರಿದ ವರ್ಷ. ನಮ್ಮ ಕೊಡಗು, ಸುಳ್ಯ ಸೀಮೆಗಳಲ್ಲಿ ಕಲ್ಯಾಣಸ್ವಾಮಿಯ ದಂಗೆಯೆದ್ದ ವರ್ಷ.

ಈ ಆಶ್ರಮವನ್ನು ಕಟ್ಟಿದವರು ದುಷ್ಟರಲ್ಲ. ಅದು ಹುಟ್ಟಿದ್ದೇ ಕರುಣೆಯಿಂದ. ಡಾನ್‌ಕ್ಯಾಸ್ಟರಿನ ಹತ್ತಿರದವನೇ ಆದ ಗಾಡ್‌ಫ್ರೀ ಹಿಗ್ಗಿನ್ಸ್ ಎಂಬ ಮ್ಯಾಜಿಸ್ಟ್ರೇಟನು ತಾನು ಯಾರ್ಕ್ ನಗರದ ಹುಚ್ಚಾಸ್ಪತ್ರೆಗೆ ಕಳುಹಿಸಿದ್ದ ಒಬ್ಬ ಬಡರೋಗಿಯ ದುರವಸ್ಥೆಯನ್ನು ಕಂಡು, 1813ರಿಂದ ಅಲ್ಲಿಯ ಅನಾಚಾರಗಳನ್ನು ಬಯಲಿಗೆಳೆಯತೊಡಗಿದ. ಮರೆಯಲ್ಲಿಟ್ಟಿದ್ದ ಕೊಠಡಿಗಳ ಬೀಗವನ್ನು ಹಟ ಹಿಡಿದು ತೆಗೆಸಿದಾಗ, ಹನ್ನೆರಡಡಿ ಉದ್ದ, ಎಂಟಡಿಗೂ ಕಡಮೆ ಅಗಲದ ಒಂದು ಕೋಣೆಯಲ್ಲಿ ಹದಿಮೂರು ಮಂದಿ ಹೆಂಗಸರಿದ್ದರು. ದೇಶವೆಲ್ಲ ಹೇಸಿತು. ಕೌಂಟಿಗಳು ತಮ್ಮ ತಮ್ಮ ಆಶ್ರಮ ಕಟ್ಟಲು 1808ರ ಶಾಸನ ಅವಕಾಶ ನೀಡಿತ್ತು. ಅದರಂತೆ 1818ರಲ್ಲಿ ವೇಕ್‌ಫೀಲ್ಡ್ ಆಶ್ರಮದ ಬಾಗಿಲು ತೆರೆಯಿತು. ರೋಗಿಗಳನ್ನು ದಯೆಯಿಂದ ಕಾಣಬೇಕೆಂದು ಸಾಧಿಸಿ ತೋರಿಸಿದ್ದ ಟ್ಯೂಕ್ ಮನೆತನದ ಸ್ಯಾಮ್ಯುಯೆಲ್ ಟ್ಯೂಕನ ಸಲಹೆಯಂತೆ ಕಟ್ಟಡದ ಯೋಜನೆಯಾಯಿತು. ಗಾಳಿ ಬೆಳಕು ಇದ್ದವು, ತೋಟವಿತ್ತು, ಕೈಗೆ ಕೆಲಸವಿತ್ತು. ಗಂಡಸರಿಗೆ ಹೊಲದ ಕೆಲಸ, ಹೆಂಗಸರಿಗೆ ಒಗೆಯುವುದು, ಹೊಲಿಯುವುದು. ಹಿಗ್ಗಿನ್ಸನೂ ಈ ಆಶ್ರಮದ ಸ್ಥಾಪನೆಗೆ ದುಡಿದವನು. 1833ರಲ್ಲಿ ಆತ ತೀರಿಕೊಂಡ. ಇನ್ನು ನಾಲ್ಕು ವರ್ಷ ಬದುಕಿದ್ದರೆ ತನ್ನ ನೆರೆಯೂರಿನ ಈ ಪ್ರಕರಣವನ್ನು ಆತ ಹೇಗೆ ವಿಚಾರಿಸುತ್ತಿದ್ದನೋ ಎಂಬ ಯೋಚನೆ ಮನಸ್ಸಿಗೆ ಬಾರದೆ ಇರದು.

ಆಶ್ರಮದ ಹೆಸರಿನಲ್ಲಿದ್ದ ‘ಬಡ’ ಎಂಬ ಮಾತಿನ ಅರ್ಥ ಭಿಕ್ಷುಕರೆಂದಲ್ಲ. ಯಾರ ಖರ್ಚನ್ನು ಊರಿನ ತೆರಿಗೆಯ ಹಣದಿಂದ ಭರಿಸಬೇಕಾಗಿತ್ತೋ ಅವರೆಲ್ಲ ಕಾನೂನಿನ ದೃಷ್ಟಿಯಲ್ಲಿ ಪರಾಶ್ರಿತರು. ನಿನ್ನೆಯವರೆಗೆ ಗೌರವದಿಂದ ದುಡಿಯುತ್ತಿದ್ದ ಉಪಾಧ್ಯಾಯಿನಿ ಒಂದೇ ಆಜ್ಞೆಯಿಂದ ಆ ಸಾಲಿಗೆ ಸೇರಿಬಿಡಬಹುದಾಗಿತ್ತು. ಶ್ರೀಮಂತನೊಬ್ಬನನ್ನು ಹುಚ್ಚನೆಂದು ಕೂಡಿಹಾಕಲು ಇಬ್ಬರು ವೈದ್ಯರ ಪ್ರಮಾಣಪತ್ರ ಬೇಕು. ಬಡವನಿಗೆ ಒಬ್ಬ ವೈದ್ಯನ ಮಾತು, ಮ್ಯಾಜಿಸ್ಟ್ರೇಟರ ರುಜು ಸಾಕು. ಹಣವುಳ್ಳವರನ್ನು ಆಸ್ತಿಯ ಆಸೆಗಾಗಿ ಬಂಧುಗಳೇ ಒಳಗೆ ತಳ್ಳಿಯಾರೆಂಬ ಭಯ ಶಾಸನಕರ್ತರನ್ನು ಕಾಡಿತ್ತು. ಏನೂ ಇಲ್ಲದವರನ್ನು ಯಾರು ತಾನೆ ಏಕೆ ಕೂಡಿಹಾಕಿಯಾರು ಎಂದು ಅವರ ತರ್ಕ. ಪಾಪ, ಪಾಠದ ಬಾಕಿಯಂಥ ಸಣ್ಣ ಕಾರಣ ಅವರಿಗೆ ತೋಚಿರಲಾರದು!

ಒಳಗೆ ಹೋಗುವುದು ಸುಲಭ, ಹೊರಗೆ ಬರುವುದು? ಆಶ್ರಮವನ್ನು ಸಂದರ್ಶಿಸುವ ಮ್ಯಾಜಿಸ್ಟ್ರೇಟರು ಮನಸ್ಸು ಮಾಡಬೇಕು; ಇಲ್ಲವೆ ಬಂಧುಗಳು ಮುಂದೆ ಬಂದು ಹೊಣೆ ಹೊರಬೇಕು. ಮೂರನೆಯ ದಾರಿಯೊಂದಿತ್ತು. 1845ರ ಶಾಸನದ ಪ್ರಕಾರ, ತಪ್ಪಿಸಿಕೊಂಡ ರೋಗಿ ಹದಿನಾಲ್ಕು ದಿನ ಕೈಗೆ ಸಿಕ್ಕದೆ ಉಳಿದರೆ ಹೊಸ ಆಜ್ಞೆಯಿಲ್ಲದೆ ಆತನನ್ನು ಮರಳಿ ತರುವಂತಿರಲಿಲ್ಲ. ಆದರೆ ಮನೆಯೂ ಕಾಸೂ ಇಲ್ಲದ ಹೆಂಗಸು ಹದಿನಾಲ್ಕು ದಿನ ಎಲ್ಲಿ ಅಡಗಿಯಾಳು? ಮ್ಯಾಜಿಸ್ಟ್ರೇಟರ ಆಜ್ಞೆಯ ಈ ಪದ್ಧತಿ 1858ರ ಶಾಸನದೊಡನೆ ಹಿಂದೂಸ್ಥಾನಕ್ಕೂ ಬಂದಿತು; ಇಂದಿನ ನಿಮ್ಹಾನ್ಸ್ ಸಂಸ್ಥೆಯ ಮೂಲವಾದ ಬೆಂಗಳೂರಿನ ಹುಚ್ಚಾಸ್ಪತ್ರೆ ಅದಕ್ಕೂ ಮೊದಲೇ, 1840ರ ದಶಕದಲ್ಲಿ, ಆರಂಭವಾಗಿತ್ತು.

ಹಾಗಾದರೆ ಮೇರಿ ಹೀಟನ್ ನಿಜವಾಗಿ ಅಸ್ವಸ್ಥಳಾಗಿರಲಿಲ್ಲವೆ? ಈ ಪ್ರಶ್ನೆಯನ್ನು ಮರೆಮಾಚುವುದು ನ್ಯಾಯವಲ್ಲ. ಆಕೆಯ ಕಸೂತಿಯ ಬರಹಗಳಲ್ಲಿ ಪಾಠದ ಬಾಕಿಯ ಮಾತಿರುವಂತೆ, ದೊಡ್ಡ ಮನೆತನದ ಪ್ರಭುವೊಬ್ಬನ ಮೇಲಿನ ಪ್ರೇಮದ ಮಾತೂ ಇದೆ. ಅದು ಭ್ರಾಂತಿಯೋ, ಹಳೆಯ ನೆನಪೋ, ಒಂಟಿತನದ ಕನಸೋ, ಓದುವವರು ತಮಗೆ ತೋರಿದಂತೆ ಹೇಳಬಹುದು. ಮನಸ್ಸು ಘಾಸಿಗೊಂಡಿತ್ತೆಂದೇ ಇಟ್ಟುಕೊಳ್ಳೋಣ. ಒಬ್ಬ ಪ್ರಭುವಿನ ವಿಷಯದಲ್ಲಿ ಭ್ರಮೆಗೊಂಡವಳು ಪಾಠ ಹೇಳಿದ್ದು ಸುಳ್ಳಾಗುತ್ತದೆಯೆ? ಹಣ ಕೇಳಿದ್ದು ರೋಗದ ಲಕ್ಷಣವಾಗುತ್ತದೆಯೆ? ನನಗೆ ಈ ಕಥೆಯಲ್ಲಿ ಅತ್ಯಂತ ಭಯಂಕರವಾಗಿ ಕಾಣುವುದು ಬೀಗವೂ ಅಲ್ಲ, ಗೋಡೆಯೂ ಅಲ್ಲ. ಒಳಗಿದ್ದು ಶಾಂತಳಾಗಿದ್ದರೆ ಆಶ್ರಮ ಒಗ್ಗಿದೆಯೆಂದು ಅರ್ಥ. ಪ್ರತಿಭಟಿಸಿದರೆ ರೋಗ ಇಳಿದಿಲ್ಲವೆಂದು ಅರ್ಥ. ಇಂಥ ಕಡೆ ಸತ್ಯವನ್ನು ಯಾವ ಸ್ವರದಲ್ಲಿ ಹೇಳಬೇಕು?

ಆಕೆ ಸೂಜಿಯನ್ನು ಹಿಡಿದಳು. ಆಶ್ರಮಗಳಲ್ಲಿ ರೋಗಿಗಳು ಬರೆದ ಕಾಗದಗಳು ಎಷ್ಟೋ ವೇಳೆ ಅಂಚೆಗೆ ಬೀಳದೆ ಕಡತಗಳಲ್ಲೇ ಉಳಿದುಬಿಡುತ್ತಿದ್ದವು. ಬ್ರಿಟನ್ನಿನ ಹಳೆಯ ಆಸ್ಪತ್ರೆಗಳ ದಾಖಲೆಗಳಲ್ಲಿ ಅಂಥವು ಇಂದಿಗೂ ದೊರೆಯುತ್ತವೆ. ಹೊಲಿಗೆಯಾದರೋ ಹೆಣ್ಣಿಗೆ ತಕ್ಕ ಕೆಲಸ, ಮನಸ್ಸನ್ನು ಶಾಂತಗೊಳಿಸುವ ಕೆಲಸವೆಂದು ಮೇಲಿನವರೇ ಪ್ರೋತ್ಸಾಹಿಸುತ್ತಿದ್ದರು. ಆ ದೇಶದ ಹೆಣ್ಣುಮಕ್ಕಳು ಬಾಲ್ಯದಲ್ಲಿ ಅಕ್ಷರಮಾಲೆಯನ್ನೂ ನೀತಿವಾಕ್ಯಗಳನ್ನೂ ಬಟ್ಟೆಯ ಮೇಲೆ ಹೊಲಿದು ಕಲಿಯುವ ವಾಡಿಕೆಯಿತ್ತು. ಮೇರಿ ಆ ಬಾಲಪಾಠದ ವಿದ್ಯೆಯಿಂದಲೇ ತನ್ನ ಮೊಕದ್ದಮೆಯನ್ನು ನಡೆಸಿದಳು. ಕಸೂತಿಯಲ್ಲಿ ಒಂದು ಅಕ್ಷರ ಮೂಡಲು ಹತ್ತಾರು ಹೊಲಿಗೆ ಬೇಕು. ಕೋಪ ಅಷ್ಟು ಹೊತ್ತು ನಿಲ್ಲುವುದಿಲ್ಲ, ನಿಲ್ಲುವುದು ನಿಶ್ಚಯ.

ಹೊರಗೆ ಪ್ರಪಂಚ ಓಡುತ್ತಿತ್ತು. 1840ರಲ್ಲಿ ಒಂದು ಪೆನ್ನಿಗೆ ದೇಶದ ಯಾವ ಮೂಲೆಗಾದರೂ ಕಾಗದ ಮುಟ್ಟಿಸುವ ಅಂಚೆ ಬಂತು. ರೈಲು ಬಂತು. ಒಳಗೂ ಬದಲಾವಣೆಗಳಾದವು. ಮೊದಲಿಗೆ 150 ಮಂದಿಗೆಂದು ತೆರೆದ ಆಶ್ರಮದಲ್ಲಿ ರೋಗಿಗಳ ಸಂಖ್ಯೆ ಸಾವಿರವನ್ನು ಮೀರಿತು. 1866ರಿಂದ ಹತ್ತು ವರ್ಷ ಅಲ್ಲಿ ಮೇಲ್ವಿಚಾರಕನಾಗಿದ್ದ ಡಾಕ್ಟರ್ ಜೇಮ್ಸ್ ಕ್ರೈಟನ್-ಬ್ರೌನ್ ವಿಜ್ಞಾನಲೋಕದಲ್ಲಿ ಹೆಸರಾದವನು. ಮನುಷ್ಯರ ಮುಖಭಾವಗಳನ್ನು ಕುರಿತು ಚಾರ್ಲ್ಸ್ ಡಾರ್ವಿನ್ 1872ರಲ್ಲಿ ಪ್ರಕಟಿಸಿದ ಗ್ರಂಥಕ್ಕೆ ಈತನಿಂದ ದೊರೆತ ನೆರವು ದೊಡ್ಡದು. ಮೆದುಳಿನ ಯಾವ ಭಾಗ ಯಾವ ಅಂಗವನ್ನು ಆಡಿಸುತ್ತದೆಂಬುದನ್ನು ಪ್ರಾಣಿಗಳಲ್ಲಿ ಪರೀಕ್ಷಿಸುವ ಡೇವಿಡ್ ಫೆರಿಯರನ ಪ್ರಸಿದ್ಧ ಪ್ರಯೋಗಗಳು 1873ರಲ್ಲಿ ಆರಂಭವಾದದ್ದು ಈ ಆಶ್ರಮದ ಪ್ರಯೋಗಶಾಲೆಯಲ್ಲಿಯೇ. ಮೆದುಳಿನ ನಕ್ಷೆ ಬರೆಯುವ ಮಹಾಕಾರ್ಯಕ್ಕೆ ಇಂಬುಕೊಟ್ಟ ಆಶ್ರಮದಲ್ಲಿ ಸಂಗೀತ ಪಾಠದ ಒಂದು ಸಣ್ಣ ಲೆಕ್ಕ ಮಾತ್ರ ಇತ್ಯರ್ಥವಾಗದೆ ಬಿದ್ದಿತ್ತು.

ಮೇರಿ ಫ್ರಾನ್ಸಿಸ್ ಹೀಟನ್ ಮೃತಳಾದದ್ದು 1878ರಲ್ಲಿ. ಆಗ ನಮ್ಮ ಮೈಸೂರು ಸೀಮೆ ಧಾತು, ಈಶ್ವರ ಸಂವತ್ಸರಗಳ ಘೋರ ಕ್ಷಾಮದಿಂದ ಇನ್ನೂ ಚೇತರಿಸಿಕೊಳ್ಳುತ್ತಿತ್ತು. ಆಕೆ ಬಂಧನಕ್ಕೆ ಒಳಗಾಗಿ 41 ವರ್ಷಗಳಾಗಿದ್ದವು. ಆಕೆ ಯಾರಿಗೆ ಅಹವಾಲು ಹೊಲಿದಿದ್ದಳೋ ಆ ರಾಣಿ ಆ ವೇಳೆಗೆ ಹಿಂದೂಸ್ಥಾನದ ಚಕ್ರವರ್ತಿನಿಯೂ ಆಗಿದ್ದಳು.

ಕಾಲಾಂತರದಲ್ಲಿ ಆಶ್ರಮ ಸ್ಟ್ಯಾನ್ಲಿ ರಾಯ್ಡ್ ಆಸ್ಪತ್ರೆ ಎಂಬ ಹೆಸರನ್ನು ಪಡೆದು, 1995ರಲ್ಲಿ ಮುಚ್ಚಿತು. ಹಳೆಯ ಕಟ್ಟಡಗಳು ವಾಸದ ಮನೆಗಳಾಗಿವೆ. ವೇಕ್‌ಫೀಲ್ಡಿನ ಮರೆತುಹೋದ ಹೆಂಗಸರ ಚರಿತ್ರೆಯನ್ನು ಹುಡುಕುವ ಸ್ಥಳೀಯ ಸ್ತ್ರೀಯರು ಇತ್ತೀಚಿನ ವರ್ಷಗಳಲ್ಲಿ ಮೇರಿಯ ಕಥೆಯನ್ನು ಹೊರತಂದರು. ಇಂಗ್ಲೆಂಡಿನಲ್ಲಿ ಗಣ್ಯರು ಬಾಳಿದ ಕಟ್ಟಡಗಳಿಗೆ ನೀಲಿಯ ದುಂಡು ಫಲಕ ಹಚ್ಚುವ ಪದ್ಧತಿಯುಂಟು. ಅಂಥದೊಂದು ಫಲಕ ಈಗ ಆ ನಗರದಲ್ಲಿ ಸಂಗೀತದ ಉಪಾಧ್ಯಾಯಿನಿ ಮೇರಿ ಫ್ರಾನ್ಸಿಸ್ ಹೀಟನ್ ಹೆಸರಿನಲ್ಲಿಯೂ ಇದೆ.