ಬೀದಿಯ ಗದ್ದಲ: ಮೊದಲು ಯಾವುದಕ್ಕೆ ಕಡಿವಾಣ?

ಎಪ್ಪತ್ತಕ್ಕೆ ಎಪ್ಪತ್ತನ್ನು ಕೂಡಿಸಿದರೆ ಎಷ್ಟು? ನೂರ ನಲವತ್ತು ಎನ್ನುವಿರಿ. ಸದ್ದನ್ನು ಅಳೆಯುವ ವಿಜ್ಞಾನಿಯಾದರೋ ಎಪ್ಪತ್ತಮೂರು ಎನ್ನುತ್ತಾನೆ. ಅವನ ಲೆಕ್ಕ ತಪ್ಪಲ್ಲ. ೭೦ ಡೆಸಿಬೆಲ್ ಸದ್ದು ಮಾಡುತ್ತಿರುವ ಒಂದು ಸ್ಕೂಟರಿನ ಪಕ್ಕದಲ್ಲಿ ಅಂಥದೇ ಇನ್ನೊಂದನ್ನು ತಂದು ನಿಲ್ಲಿಸಿದರೆ ಒಟ್ಟು ಸದ್ದು ೭೩ ಡೆಸಿಬೆಲ್ ಆಗುತ್ತದೆ. ಹತ್ತು ಸ್ಕೂಟರುಗಳು ಸೇರಿದರೆ ೮೦, ನೂರು ಸೇರಿದರೆ ೯೦. ಡೆಸಿಬೆಲ್ ಲಾಗರಿತಮ್ಮಿನ ಮಾನ. ಸದ್ದಿನ ಶಕ್ತಿ ಹತ್ತು ಪಟ್ಟಾದಾಗ ಅದು ಹತ್ತು ಅಂಶಗಳಷ್ಟೇ ಏರುತ್ತದೆ. ನಮ್ಮ ಕಿವಿಯ ಸ್ವಭಾವವೂ ಹೆಚ್ಚುಕಡಮೆ ಇಂಥದೇ. ೧೦ ಡೆಸಿಬೆಲ್ ಏರಿದಾಗ ಸದ್ದು ಇಮ್ಮಡಿಯಾದಂತೆ ಭಾಸವಾಗುತ್ತದೆ. ೩ ಡೆಸಿಬೆಲ್ಲಿನ ವ್ಯತ್ಯಾಸ ಗಮನವಿಟ್ಟು ಕೇಳಿದವರಿಗೆ ಮಾತ್ರ ತಿಳಿಯುತ್ತದೆ. ಲಾಗರಿತಮ್ಮಿನ ಪಾಠದಿಂದ ಯಾರಿಗೇನು ಪ್ರಯೋಜನವೆಂದು ಬೇಸತ್ತು ಕೇಳಿದ ವಿದ್ಯಾರ್ಥಿಗಳಿಗೆ ಇದೋ ಒಂದು ಉತ್ತರ: ಜನವಸತಿಯ ಬಡಾವಣೆಗಳಲ್ಲಿ ವಾಹನಗಳ ಗದ್ದಲವನ್ನು ತಗ್ಗಿಸಹೊರಟವರು ಈ ವಿಚಿತ್ರ ಸಂಕಲನವನ್ನು ಮರೆತರೆ ಹಣವೂ ಶ್ರಮವೂ ವ್ಯರ್ಥವಾಗುತ್ತವೆ.

ಬೆಂಗಳೂರಿನ ಮಲ್ಲೇಶ್ವರವನ್ನು ನೋಡೋಣ. ೧೮೯೮ರ ಪ್ಲೇಗು ಮಾರಿಯ ತರುವಾಯ, ಕಿಕ್ಕಿರಿದ ಪೇಟೆಯ ಜನ ಗಾಳಿ ಬೆಳಕುಗಳ ನಡುವೆ ಬಾಳಲೆಂದು ಬಸವನಗುಡಿ, ಮಲ್ಲೇಶ್ವರಗಳನ್ನು ಬೆಳೆಸಲಾಯಿತು. ಉದ್ದಕ್ಕೆ ಮುಖ್ಯರಸ್ತೆಗಳು, ಅವನ್ನು ಕತ್ತರಿಸುವ ಅಡ್ಡರಸ್ತೆಗಳು. ಎಲ್ಲವೂ ಚದುರಂಗದ ಮಣೆಯಂತೆ. ಅಂದಿನವರು ಮೋಟಾರನ್ನು ಕನಸಿನಲ್ಲಿಯೂ ಎಣಿಸಿರಲಾರರು. ಇಂದು ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ಮೀರಿದೆ. ದೊಡ್ಡ ರಸ್ತೆ ಕಟ್ಟಿಕೊಂಡೊಡನೆ ಸವಾರನು ಒಳದಾರಿ ಹಿಡಿಯುತ್ತಾನೆ. ಮಣೆಯಂಥ ಬಡಾವಣೆಯಲ್ಲಿ ಒಳದಾರಿಗಳಿಗೇನು ಕೊರತೆ? ವಾಹನಗಳನ್ನು ಎಲ್ಲ ಬೀದಿಗಳಿಗೂ ಹಂಚಿಬಿಟ್ಟರೆ ಗದ್ದಲವೂ ಸಮನಾಗಿ ಹಂಚಿಹೋಗಿ ಎಲ್ಲರಿಗೂ ಹಗುರವಾದೀತು ಎಂಬ ಸಲಹೆ ಮೇಲುನೋಟಕ್ಕೆ ನ್ಯಾಯವಾಗಿಯೇ ತೋರುತ್ತದೆ.

ಲೆಕ್ಕ ಹಾಕಿಯೇ ನೋಡಬಹುದು. ಒಂದು ದೊಡ್ಡ ರಸ್ತೆಯಲ್ಲಿ ಗಂಟೆಗೆ ೧,೦೦೦ ವಾಹನಗಳೂ ಅದರ ಪಕ್ಕದ ಒಳರಸ್ತೆಯಲ್ಲಿ ೫೦ ವಾಹನಗಳೂ ಓಡುತ್ತಿವೆಯೆಂದು ಭಾವಿಸೋಣ. ವಾಹನಗಳ ಬಗೆ, ವೇಗ, ಮನೆಗಳ ದೂರ ಎರಡು ಕಡೆಯೂ ಒಂದೇ ಆಗಿರಲಿ. ದೊಡ್ಡ ರಸ್ತೆಯ ಮನೆಗಳ ಮುಂದೆ ೭೦ ಡೆಸಿಬೆಲ್ ಇದ್ದರೆ ಒಳರಸ್ತೆಯಲ್ಲಿ ೫೭ ಇರುತ್ತದೆ. ಈಗ ೫೦೦ ವಾಹನಗಳನ್ನು ಒಳರಸ್ತೆಗೆ ತಿರುಗಿಸಿದೆವು. ದೊಡ್ಡ ರಸ್ತೆಯಲ್ಲಿ ಸದ್ದು ೬೭ಕ್ಕೆ ಇಳಿಯಿತು. ಅಲ್ಲಿಯ ನಿವಾಸಿಗಳಿಗೆ ಈ ಇಳಿತ ಅಷ್ಟಾಗಿ ಗೊತ್ತಾಗುವುದಿಲ್ಲ. ಒಳರಸ್ತೆಯಲ್ಲಾದರೋ ಅದು ೬೭ಕ್ಕೇ ಏರಿ, ಗದ್ದಲ ಇಮ್ಮಡಿಯಾದಂತೆ ಕೇಳುತ್ತದೆ. ಒಬ್ಬರಿಗೂ ಸುಖವಾಗಲಿಲ್ಲ, ಒಂದು ನೆಮ್ಮದಿಯ ಬೀದಿ ಮಾತ್ರ ಹಾಳಾಯಿತು.

ಆದುದರಿಂದ ಓಡಾಟವನ್ನು ಕೆಲವೇ ರಸ್ತೆಗಳಲ್ಲಿ ಒಟ್ಟುಗೂಡಿಸಿ, ನಿಶ್ಶಬ್ದವಾದ ಬೀದಿಗಳನ್ನು ಹಾಗೆಯೇ ಕಾಪಾಡಬೇಕೆಂದು ಗಣಿತ ಹೇಳುತ್ತದೆ. ಆದರೆ ದೊಡ್ಡ ರಸ್ತೆಯ ಅಂಗಡಿಗಳ ಮೇಲಿನ ಮಹಡಿಗಳಲ್ಲಿ ಬಾಡಿಗೆಗಿರುವವರ ಗತಿಯೇನು? ಇಡೀ ಬಡಾವಣೆಯ ಗದ್ದಲವನ್ನು ಅವರ ತಲೆಗೆ ಕಟ್ಟಿ ನಾವು ಒಳಬೀದಿಯಲ್ಲಿ ಸುಖವಾಗಿ ಮಲಗುವುದು ಹೇಗೆ? ನಮ್ಮ ಅಭಿಪ್ರಾಯದಲ್ಲಿ ಇದಕ್ಕೆ ಉತ್ತರ ಒಂದೇ: ಗದ್ದಲವನ್ನು ತಗ್ಗಿಸಲು ಲಭಿಸುವ ಹಣವೂ ಪೊಲೀಸರ ಕಾವಲೂ ಮೊದಲು ಅವರ ಪಾಲಿಗೆ ಸಲ್ಲಬೇಕು.

ಅಲ್ಲಿಯೂ ರಾತ್ರಿಯಿಂದಲೇ ಪ್ರಾರಂಭಿಸಬೇಕು. ನಮ್ಮ ದೇಶದ ೨೦೦೦ದ ಶಬ್ದಮಾಲಿನ್ಯ ನಿಯಮಗಳಂತೆ ಜನವಸತಿಯ ಪ್ರದೇಶದಲ್ಲಿ ಸರಾಸರಿ ಸದ್ದು ಹಗಲು ೫೫, ರಾತ್ರಿ ೧೦ರಿಂದ ಬೆಳಗಿನ ೬ರವರೆಗೆ ೪೫ ಡೆಸಿಬೆಲ್ ಮೀರಬಾರದು. ಬೇರಾವ ಸದ್ದೂ ಇಲ್ಲದ ರಾತ್ರಿಯಲ್ಲಿ ಒಂದೇ ಒಂದು ಲಾರಿ ಹತ್ತು ಸೆಕೆಂಡುಗಳ ಕಾಲ ೮೦ ಡೆಸಿಬೆಲ್ ಸದ್ದು ಮಾಡುತ್ತ ಹಾದುಹೋಯಿತೆನ್ನಿ. ಆ ಸದ್ದನ್ನು ಎಂಟು ಗಂಟೆಗಳಿಗೆ ಹರಡಿದರೆ ಸರಾಸರಿ ೪೫ಕ್ಕಿಂತ ತುಸು ಮೇಲೆ ನಿಲ್ಲುತ್ತದೆ. ಇಡೀ ರಾತ್ರಿಗೆ ಕಾನೂನು ಕೊಟ್ಟ ಪಡಿಯನ್ನು ಅದೊಂದೇ ಮುಗಿಸಿತು! ಇತ್ತ ಸರಾಸರಿಯ ಅಂಕೆಯನ್ನಷ್ಟೇ ಕಂಡ ಅಧಿಕಾರಿಗೆ ಅದು ಬಹು ಸೌಮ್ಯವಾದ ರಾತ್ರಿ, ಮಲಗಿದ್ದವನಿಗೆ ನಿದ್ರಾಭಂಗ. ಹಗಲು ಸಂದಣಿಯ ಹೊತ್ತಿನಲ್ಲಿ ಭಾರಿ ಲಾರಿಗಳಿಗೆ ನಗರಪ್ರವೇಶವನ್ನು ನಿಷೇಧಿಸಿದಾಗ ಅವು ರಾತ್ರಿಯಲ್ಲಲ್ಲದೆ ಇನ್ನು ಯಾವಾಗ ಬಂದಾವು? ರಾತ್ರಿಯ ಲಾರಿಗಳಿಗೆ ಜನರು ಮಲಗುವ ಕೋಣೆಗಳಿಂದ ದೂರವಾದ ದಾರಿಯನ್ನು ಗೊತ್ತುಮಾಡುವುದು ಮೊದಲ ಕೆಲಸವೆಂದು ನಮಗೆ ತೋರುತ್ತದೆ.

ಎರಡನೆಯದು ಅತಿ ಗದ್ದಲದ ಕೆಲವೇ ವಾಹನಗಳನ್ನು ಹಿಡಿಯುವುದು. ೮೦ ಡೆಸಿಬೆಲ್ಲಿನ ಹತ್ತು ಮೋಟಾರ್ ಸೈಕಲ್ಲುಗಳ ನಡುವೆ ಸೈಲೆನ್ಸರ್ ಕಿತ್ತ ೯೦ ಡೆಸಿಬೆಲ್ಲಿನದೊಂದು ಸೇರಿದರೆ, ಆ ಒಂದೇ ಉಳಿದ ಹತ್ತಕ್ಕೂ ಸಮ. ಅದನ್ನು ಹಿಡಿದು ನಿಲ್ಲಿಸಿದರೆ ಹತ್ತನ್ನು ನಿಲ್ಲಿಸಿದಷ್ಟೇ ಫಲ. ಹಾರನ್ನಿನ ಮಾತೂ ಹೀಗೆಯೇ. ವಸತಿಪ್ರದೇಶದಲ್ಲಿ ರಾತ್ರಿ ಹಾರನ್ ಮಾಡುವುದನ್ನು ತುರ್ತು ಸಂದರ್ಭದ ಹೊರತು ೨೦೧೦ರ ತಿದ್ದುಪಡಿ ನಿಷೇಧಿಸಿದೆ; ನಿಷೇಧವಿರುವುದು ಎಷ್ಟು ಜನಕ್ಕೆ ಗೊತ್ತು? ೨೦೨೦ರ ಜನವರಿಯಲ್ಲಿ ಮುಂಬಯಿ ಪೊಲೀಸರು ಒಂದು ಸ್ವಾರಸ್ಯಕರ ಪ್ರಯೋಗವನ್ನು ಪ್ರಕಟಿಸಿದರು. ಕೆಂಪು ದೀಪದ ಬಳಿ ಹಾರನ್ನುಗಳ ಸದ್ದು ೮೫ ಡೆಸಿಬೆಲ್ ದಾಟಿದರೆ ದೀಪದ ಎಣಿಕೆ ಮತ್ತೆ ಮೊದಲಿನಿಂದ ಆರಂಭವಾಗುತ್ತಿತ್ತು. ಹಾರನ್ ಮಾಡಿದಷ್ಟೂ ಕಾಯಬೇಕು!

ಮೂರನೆಯದು ವೇಗ. ಗಂಟೆಗೆ ಸುಮಾರು ೪೦ ಕಿಲೋಮೀಟರು ದಾಟಿದ ಕಾರಿನಲ್ಲಿ ಎಂಜಿನ್ನಿಗಿಂತ ಟೈರೂ ರಸ್ತೆಯೂ ಉಜ್ಜುವ ಸದ್ದೇ ಮೇಲುಗೈಯಾಗುತ್ತದೆ. ವಿದ್ಯುತ್ ಕಾರೂ ಇದಕ್ಕೆ ಹೊರತಲ್ಲ. ವೇಗವನ್ನು ೫೦ರಿಂದ ೩೦ಕ್ಕೆ ಇಳಿಸಿದರೆ ಸುಮಾರು ೩ ಡೆಸಿಬೆಲ್ ತಗ್ಗುತ್ತದೆ. ಎಂದರೆ ಅರ್ಧದಷ್ಟು ವಾಹನಗಳನ್ನು ತೆಗೆದುಹಾಕಿದಂತೆ. ಪ್ಯಾರಿಸ್ ನಗರ ೨೦೨೧ರಲ್ಲಿ ತನ್ನ ಬಹುತೇಕ ಬೀದಿಗಳಿಗೆ ೩೦ರ ಮಿತಿಯನ್ನು ವಿಧಿಸಿತು. ರಾತ್ರಿ ರಸ್ತೆ ಬರಿದಾಗಿ ವಾಹನಗಳು ಮನಬಂದಂತೆ ಓಡುವ ನಮ್ಮಲ್ಲಿಯೂ ಇದು ಮಾಡತಕ್ಕ ಕೆಲಸ.

ಸಾಲುಮರಗಳು ಕಣ್ಣಿಗೆ ತಂಪು, ಬೇಸಗೆಗೆ ನೆರಳು. ಸದ್ದನ್ನು ತಡೆಯುವ ಶಕ್ತಿ ಒಂದು ಸಾಲು ಮರಕ್ಕೆ ಇಲ್ಲವೆನ್ನುವಷ್ಟು ಕಡಮೆ. ಎತ್ತರದ ತಡೆಗೋಡೆ ಹೆದ್ದಾರಿಗೆ ಸರಿ; ಹೆಜ್ಜೆಗೊಂದು ಗೇಟು, ಅಂಗಡಿ ಇರುವ ಬೀದಿಯಲ್ಲಿ ಅದನ್ನು ಕಟ್ಟುವುದೆಲ್ಲಿ? ಚಳಿದೇಶಗಳಲ್ಲಿ ಕಿಟಕಿಗೆ ಎರಡು ಪದರದ ಗಾಜು ಹಾಕಿ ಮುಚ್ಚಿಡುತ್ತಾರೆ. ನಾವು ಗಾಳಿಗಾಗಿ ಕಿಟಕಿ ತೆರೆದೇ ಮಲಗುವವರು. ತೆರೆದ ಕಿಟಕಿ ತಡೆಯುವುದು ೧೦ರಿಂದ ೧೫ ಡೆಸಿಬೆಲ್ ಮಾತ್ರ.

ಇನ್ನು ಯಾವ ರಸ್ತೆ ಮೊದಲು ಎಂಬುದನ್ನು ಗೊತ್ತುಮಾಡಬೇಕಾದರೆ ಗದ್ದಲದ ನಕ್ಷೆ ಬೇಕು. ಯೂರೋಪಿನ ಒಕ್ಕೂಟ ೨೦೦೨ರ ಆದೇಶದ ಮೂಲಕ ತನ್ನ ದೊಡ್ಡ ನಗರಗಳಿಗೆ ಇಂಥ ನಕ್ಷೆಯನ್ನು ಐದು ವರ್ಷಗಳಿಗೊಮ್ಮೆ ಕಡ್ಡಾಯ ಮಾಡಿದೆ. ಬೆಂಗಳೂರಿನಲ್ಲಿ ೨೦೧೧ರಿಂದ ಬೆರಳೆಣಿಕೆಯ ಸ್ಥಳಗಳಲ್ಲಿ ಮಾಪಕಗಳನ್ನು ಇಡಲಾಗಿದೆ. ಅವು ಆಯಾ ಸ್ಥಳದ ಸದ್ದನ್ನು ತಿಳಿಸುತ್ತವೆ. ಆ ಸದ್ದಿಗೆ ಎಷ್ಟು ಮಂದಿಯ ಹಾಸಿಗೆ ಎದುರಾಗಿದೆ ಎಂಬುದನ್ನು ಬೀದಿ ಬೀದಿ ತಿರುಗಿ ಎಣಿಸಬೇಕಾಗುತ್ತದೆ.