ಮೆಮೊರಿ ಕಾರ್ಡ್‌ನಲ್ಲಿ ಹೆಸರೇ ಇರಲಿಲ್ಲ: ಹೊಸ ಮತ್ತು ಮರುಬಿಡುಗಡೆಯ ಆರು ಆಲ್ಬಮ್‌ಗಳು, ಒಂದು ತಕರಾರು

ಎಂಜಿನಿಯರಿಂಗ್ ಓದುವಾಗ ಬಟವಾಡಿಯಲ್ಲಿ ನಮ್ಮ ರೂಮಿನ ಹತ್ತಿರ ಒಂದು ಮೊಬೈಲ್ ಅಂಗಡಿ ಇತ್ತು. ಕರೆನ್ಸಿ ಹಾಕಿಸೋಕೆ ಹೋದವರು ಹಾಗೇ ಮೆಮೊರಿ ಕಾರ್ಡ್ ಬಿಚ್ಚಿ ಕೊಡ್ತಿದ್ವಿ. "ಏನ್ ಹಾಕ್ಲಿ ಅಣ್ಣ, ಕನ್ನಡ ಮಿಕ್ಸಾ, ಇಂಗ್ಲಿಷಾ?" ಅಂತ ಕೇಳಿ ಅಂಗಡಿಯ ಹುಡುಗ ಎರಡು ಜಿಬಿ ತುಂಬಿಸಿ ಕೊಡ್ತಿದ್ದ. ಫೈಲಿನ ಹೆಸರು 'ಟ್ರ್ಯಾಕ್ 07' ಅಂತಿರುತ್ತಿತ್ತು. ಅದರ ಮುಂದೆ ಯಾವುದೋ ಪೈರಸಿ ವೆಬ್‌ಸೈಟಿನ ವಿಳಾಸ. ಹಾಡಿದವರು ಯಾರು, ನುಡಿಸಿದವರು ಯಾರು, ಯಾವ ವರ್ಷದ್ದು, ಏನೂ ಇಲ್ಲ.

ಹಾಗೆ ಬಂದ ಒಂದು ಫೈಲಿನಲ್ಲಿ ಎರಡು ಸ್ಯಾಕ್ಸೋಫೋನ್‌ಗಳು ಜಗಳಕ್ಕೆ ಬಿದ್ದಂತೆ ನುಡಿಯುತ್ತಿದ್ದವು. ಹಿಂದೆ ಮೃದಂಗ, ಜೊತೆಗೆ ಡ್ರಮ್ಸ್. ಯಾರೋ ಸೀನಿಯರ್‌ನ ಹಾರ್ಡ್ ಡಿಸ್ಕಿನಿಂದ ಇಳಿದದ್ದಿರಬೇಕು. ಎರಡು ವರ್ಷ ಅದನ್ನು ಕೇಳಿದೆ. ಆ ಎರಡರಲ್ಲಿ ಒಂದನ್ನು ನುಡಿಸುತ್ತಿದ್ದವರು ನಮ್ಮ ಬಂಟ್ವಾಳ ತಾಲ್ಲೂಕಿನವರು ಅಂತ ಗೊತ್ತಾಗಿದ್ದು ಕೆಲಸ ಬಿಟ್ಟು ಪತ್ರಿಕೋದ್ಯಮಕ್ಕೆ ಬಂದ ಮೇಲೆ.

ಹೊಸ ಆಲ್ಬಮ್ ಯಾವುದು ಕೇಳಬೇಕು, ಹಳೆಯದರಲ್ಲಿ ಯಾವುದು ಮತ್ತೆ ಬಂದಿದೆ ಅಂತ ಗೆಳೆಯರು ಆಗಾಗ ಕೇಳ್ತಾರೆ. ರಾಕ್, ಜಾಝ್, ಎಲೆಕ್ಟ್ರಾನಿಕ್ ಮೂರರಲ್ಲೂ ಎರಡೆರಡು ಹೇಳ್ತೀನಿ. ಆದರೆ ಒಂದು ಷರತ್ತು. ಹಾಡಿನ ಜೊತೆ ಹೆಸರುಗಳನ್ನೂ ಓದಬೇಕು.

ಹೆಸರು ಯಾಕೆ ಮುಖ್ಯ?

ಇದು ಬರೀ ಅಭಿಮಾನದ ಮಾತಲ್ಲ, ಕಾನೂನಿನ ಮಾತೂ ಹೌದು. ನಮ್ಮ ಕೃತಿಸ್ವಾಮ್ಯ ಕಾಯ್ದೆ 1957ರದ್ದು. 2012ರಲ್ಲಿ ಅದಕ್ಕೆ ದೊಡ್ಡ ತಿದ್ದುಪಡಿ ಬಂತು. ಹಾಡು ಬರೆದವರು ಮತ್ತು ಸಂಗೀತ ಸಂಯೋಜಿಸಿದವರು ತಮ್ಮ ರಾಯಲ್ಟಿಯ ಪಾಲನ್ನು ನಿರ್ಮಾಪಕರಿಗೋ ಕಂಪನಿಗೋ ಬರೆದುಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ ಅಂತಾಯಿತು. ಹಾಡುವವರಿಗೆ, ನುಡಿಸುವವರಿಗೆ 'ಇದನ್ನು ಮಾಡಿದ್ದು ನಾನು' ಅಂತ ಗುರುತಿಸಿಕೊಳ್ಳುವ ಹಕ್ಕೂ ಸಿಕ್ಕಿತು.

ಅದೇ ತಿದ್ದುಪಡಿಯಲ್ಲಿ ಇನ್ನೊಂದು ಸಾಲಿದೆ. ಸಿನಿಮಾದಲ್ಲಿ ಒಬ್ಬರ ಪಾತ್ರ 'ಪ್ರಾಸಂಗಿಕ' ಅನ್ನಿಸಿಕೊಂಡು, ಉದ್ಯಮದ ರೂಢಿಯಂತೆ ಅವರ ಹೆಸರು ಟೈಟಲ್ ಕಾರ್ಡಿನಲ್ಲೂ ಬರದಿದ್ದರೆ, ಬಹುತೇಕ ವಿಷಯಗಳಲ್ಲಿ ಅವರನ್ನು ಕಾನೂನು 'ಪ್ರದರ್ಶಕ' ಎಂದೇ ಪರಿಗಣಿಸುವುದಿಲ್ಲ. ಅಂದರೆ ಹೆಸರು ಬಿಟ್ಟುಹೋಯಿತು ಅಂದರೆ ಹಕ್ಕೂ ಬಿಟ್ಟುಹೋಗಬಹುದು. ಸಿನಿಮಾ ಕ್ಯಾಸೆಟ್ಟುಗಳ ಒಳಚೀಟಿಯಲ್ಲಿ ನಾಯಕ, ನಿರ್ದೇಶಕ, ಗಾಯಕರ ಹೆಸರು ಇರುತ್ತಿತ್ತು. ಕೊಳಲು ನುಡಿಸಿದವರು, ತಬಲಾ ಬಾರಿಸಿದವರು, ಕೀಬೋರ್ಡಿನ ಮುಂದೆ ಇಡೀ ರಾತ್ರಿ ಕೂತವರು ಸಾಮಾನ್ಯವಾಗಿ ಇರುತ್ತಿರಲಿಲ್ಲ. ನಮ್ಮ ಮೆಮೊರಿ ಕಾರ್ಡುಗಳು ಉಳಿದಿದ್ದ ನಾಲ್ಕು ಹೆಸರನ್ನೂ ಅಳಿಸಿದವು, ಅಷ್ಟೇ.

ಒಳ್ಳೆಯ ಆಲ್ಬಮ್, ಅದರಲ್ಲೂ ಒಳ್ಳೆಯ ಮರುಬಿಡುಗಡೆ, ಈ ಹೆಸರುಗಳನ್ನು ವಾಪಸ್ ತರುತ್ತದೆ.

ರಾಕ್: ಷರೀಫರಿಂದ ಹೆವಿ ಮೆಟಲ್‌ವರೆಗೆ

ಮೊದಲನೆಯದು 'ರಘು ದೀಕ್ಷಿತ್', 2008. ಹೊಸದಲ್ಲ, ಆದರೆ ಇವತ್ತಿನ ಪಿಯುಸಿ ಹುಡುಗರು ಅದನ್ನು ಇಡಿಯಾಗಿ ಕೇಳಿಲ್ಲ. ಹಿಂದಿ, ಇಂಗ್ಲಿಷ್ ಹಾಡುಗಳ ಮಧ್ಯೆ ಶಿಶುನಾಳ ಷರೀಫರ ಎರಡು ಪದಗಳಿವೆ. ಷರೀಫರನ್ನು ನಮ್ಮ ಅಪ್ಪ-ಅಮ್ಮನ ತಲೆಮಾರಿಗೆ ತಲುಪಿಸಿದ್ದು ಸಿ. ಅಶ್ವತ್ಥ್. ನಮ್ಮ ಹಾಸ್ಟೆಲ್ಲುಗಳಿಗೆ ತಲುಪಿಸಿದ್ದು ಈ ಆಲ್ಬಮ್. ಮುಸ್ಲಿಂ ಕುಟುಂಬದಲ್ಲಿ ಹುಟ್ಟಿ ಬ್ರಾಹ್ಮಣ ಗೋವಿಂದ ಭಟ್ಟರ ಶಿಷ್ಯರಾದವರ ಪದವನ್ನು ಗಿಟಾರ್ ಹಿಡಿದು ಕುಣಿಯುತ್ತಾ ಹಾಡುವುದನ್ನು ನೋಡಿ ನಾವೂ ಕುಣಿದ್ವಿ. ಯಾರೂ ಭಾಷಣ ಮಾಡಲಿಲ್ಲ. ಈಗ ಸೌಹಾರ್ದ ಅನ್ನೋ ಪದ ಕೇಳಿದರೇ ಮುಖ ಸಿಂಡರಿಸುವ ಕಾಲದಲ್ಲಿ ಆ ಎರಡು ಹಾಡು ಮತ್ತೆ ಕೇಳಿ. ಪಿಟೀಲು ಎಲ್ಲಿ ಬರುತ್ತೆ, ಬೇಸ್ ಗಿಟಾರ್ ಎಲ್ಲಿ ಸುಮ್ಮನಾಗುತ್ತೆ ಅನ್ನೋದನ್ನ ಗಮನಿಸಿ. ಇದು ಇಷ್ಟವಾದರೆ ಬೆಂಗಳೂರಿನ ಸ್ವರಾತ್ಮ ತಂಡದ 'ಟೋಪಿವಾಲೆ' (2012) ಹುಡುಕಿ. ಟೋಪಿ ಹಾಕುವ ರಾಜಕಾರಣಿಗಳ ಬಗ್ಗೆ ಅದರಲ್ಲಿ ಬೇಕಾದಷ್ಟಿದೆ.

ಎರಡನೆಯದು ನಿಜಕ್ಕೂ ಹೊಸದು: ಕ್ರಿಪ್ಟೋಸ್ ತಂಡದ 'ಡೆಸಿಮೇಟರ್', 2024. 1998ರಲ್ಲಿ ಬೆಂಗಳೂರಲ್ಲಿ ಶುರುವಾದ ಹೆವಿ ಮೆಟಲ್ ತಂಡ ಇದು. ಜರ್ಮನಿಯ ವಾಕನ್ ಮೆಟಲ್ ಜಾತ್ರೆಯಲ್ಲಿ 2013ರಲ್ಲೇ ನುಡಿಸಿ ಬಂದವರು. ಹಾಡು ಇಂಗ್ಲಿಷ್, ಗಂಟಲು ಕೆರೆದಂಥ ದನಿ. ಅಮ್ಮನ ಮುಂದೆ ಹಾಕಿದರೆ "ಯಾಕೋ ಹಿಂಗೆ ಕಿರುಚ್ತಾನೆ" ಅನ್ನೋದು ಗ್ಯಾರಂಟಿ. ದನಿಯನ್ನು ಬಿಟ್ಟು ಮೊದಲು ಎರಡು ಗಿಟಾರ್‌ಗಳ ಕಡೆ ಕಿವಿ ಕೊಡಿ. ಒಂದು ಹೇಳಿದ ಸ್ವರವನ್ನೇ ಇನ್ನೊಂದು ಸ್ವಲ್ಪ ಮೇಲೆ ಹಿಡಿದು ಜೊತೆಗೇ ಓಡುತ್ತದೆ, ಜೋಡೆತ್ತಿನ ಹಾಗೆ. 80ರ ದಶಕದ ಬ್ರಿಟಿಷ್ ಮೆಟಲ್‌ನಿಂದ ಬಂದ ಪದ್ಧತಿ ಅದು. ಕನ್ನಡದಲ್ಲಿ ಹಾಡದಿದ್ದರೆ ನಮ್ಮ ಸಂಗೀತ ಅಲ್ಲವಾ ಅಂತ ಕೆಲವರು ಕೇಳ್ತಾರೆ. ಕಾಲು ಶತಮಾನ ಈ ಊರಲ್ಲೇ ಉಳಿದು ಕೆಲಸ ಮಾಡಿದವರನ್ನು ಹೊರಗಿನವರು ಅನ್ನೋಕೆ ನನಗಂತೂ ಮನಸ್ಸಿಲ್ಲ.

ಜಾಝ್: ಬೆಂಗಳೂರಿನ ಹೆಸರು ಹೊತ್ತ ಜರ್ಮನ್ ತಟ್ಟೆ

1983ರಲ್ಲಿ ಜರ್ಮನಿಯ ಇಸಿಎಂ ಕಂಪನಿ 'ಜ್ಯೋತಿ' ಅನ್ನೋ ಆಲ್ಬಮ್ ತಂದಿತು. ಮುಖಪುಟದಲ್ಲಿ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮಾರಿಯಾನೊ ಹೆಸರಿನ ಜೊತೆಗೇ 'ಕರ್ನಾಟಕ ಕಾಲೇಜ್ ಆಫ್ ಪರ್ಕಶನ್' ಅಂತ ಇದೆ. ಟಿ.ಎ.ಎಸ್. ಮಣಿ 1964ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ತಾಳವಾದ್ಯ ಶಾಲೆ ಅದು. ಆಲ್ಬಮ್ಮಿನ ಒಳಗೆ ಪ್ರತಿಯೊಬ್ಬರ ಹೆಸರೂ ಇದೆ. ಹಾಡಿದವರು ಆರ್.ಎ. ರಮಾಮಣಿ, ಮೃದಂಗ ಮಣಿ, ಘಟ ಮತ್ತು ಮೋರ್ಸಿಂಗ್ ಆರ್.ಎ. ರಾಜಗೋಪಾಲ್, ಖಂಜೀರ ಟಿ.ಎನ್. ಶಶಿಕುಮಾರ್.

ಜಾಝ್ ಅಂದರೆ ಹೋಟೆಲ್ ಲಾಬಿಯ ಸಂಗೀತ ಅಂದುಕೊಂಡವರು ಇದರ ಮೊದಲ ನಿಮಿಷ ಕೇಳಬೇಕು. ಸ್ಯಾಕ್ಸೋಫೋನ್ ಇಲ್ಲ, ಡ್ರಮ್ಸ್ ಇಲ್ಲ, ರಮಾಮಣಿಯವರ ದನಿ ಒಂದೇ. ಆಮೇಲೆ ಮಾರಿಯಾನೊ ಒಳಗೆ ಬರುವುದು ಅತಿಥಿಯ ಹಾಗೆ, ಚಪ್ಪಲಿ ಬಿಟ್ಟು. ಅವರು ನಾಗಸ್ವರ ಕಲಿತವರು, ಹಾಗಾಗಿ ಎಲ್ಲಿ ಸುಮ್ಮನಿರಬೇಕು ಅಂತ ಗೊತ್ತಿದೆ. ಕೊನ್ನಕೋಲ್, ಅಂದರೆ ಬಾಯಲ್ಲೇ ತಾಳದ ಜತಿ ಹೇಳುವ ಕಲೆ, ಬರುವ ಕಡೆ ಎಣಿಸೋಕೆ ಪ್ರಯತ್ನಿಸಿ. ಲೆಕ್ಕ ತಪ್ಪಿದರೆ ಬೇಜಾರಿಲ್ಲ, ನನಗೂ ತಪ್ಪುತ್ತೆ. 2017ರ ನವೆಂಬರ್‌ನಲ್ಲಿ ಇಸಿಎಂ ತನ್ನ ಸಂಗ್ರಹವನ್ನು ಸ್ಟ್ರೀಮಿಂಗ್‌ಗೆ ಬಿಟ್ಟಿತು. ಅಲ್ಲಿಯವರೆಗೆ ಈ ಬೆಂಗಳೂರಿನ ದನಿ ಕೇಳಬೇಕಾದರೆ ತುಮಕೂರಿನ ಹುಡುಗ ಹೊರದೇಶದ ಸಿಡಿ ತರಿಸಬೇಕಿತ್ತು.

ಇನ್ನೊಂದು, ನನ್ನ 'ಟ್ರ್ಯಾಕ್ 07' ಬಂದ ಆಲ್ಬಮ್: 'ಕಿನ್ಸ್‌ಮೆನ್', 2008. ಕದ್ರಿ ಗೋಪಾಲನಾಥ್ ಹುಟ್ಟಿದ್ದು ಬಂಟ್ವಾಳ ತಾಲ್ಲೂಕಿನ ಸಜಿಪದಲ್ಲಿ, ನಾಗಸ್ವರ ನುಡಿಸುವವರ ಮನೆಯಲ್ಲಿ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮರುಳಾದರು. ಗಮಕ ಹೊರಡದ ಆ ವಾದ್ಯವನ್ನು ಕರ್ನಾಟಕ ಸಂಗೀತಕ್ಕೆ ಬಗ್ಗಿಸೋಕೆ ವರ್ಷಗಟ್ಟಲೆ ದುಡಿದರು. ಇನ್ನೊಬ್ಬರು ರುದ್ರೇಶ್ ಮಹಾಂತಪ್ಪ. ಹೆಸರು ಕೇಳಿದರೆ ನಮ್ಮ ಕಡೆಯವರೇ ಅನ್ನಿಸುತ್ತೆ, ಬೆಳೆದದ್ದು ಅಮೆರಿಕದ ಕೊಲೊರಾಡೊದಲ್ಲಿ. ಜಾಝ್ ಕಲಿಯುತ್ತಿದ್ದಾಗ ಅಣ್ಣ ತಮಾಷೆಗೆ ಕೊಟ್ಟ ಕದ್ರಿಯವರ ಆಲ್ಬಮ್ ಕೇಳಿ ದಂಗಾದೆ ಅಂತ ಅವರು ಹೇಳಿಕೊಂಡಿದ್ದಾರೆ.

ಇಬ್ಬರದೂ ಒಂದೇ ವಾದ್ಯ, ಆಲ್ಟೊ ಸ್ಯಾಕ್ಸೋಫೋನ್. ಆದರೆ ಕದ್ರಿಯವರು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತಾರೆ, ಮಹಾಂತಪ್ಪ ಜಿಗಿಯುತ್ತಾರೆ. ಇಷ್ಟು ನೆನಪಿಟ್ಟುಕೊಂಡರೆ ಯಾವ ದನಿ ಯಾರದು ಅಂತ ಬಹಳ ಕಡೆ ಹೇಳಬಹುದು. ಜೊತೆಗೆ ಎ. ಕನ್ಯಾಕುಮಾರಿಯವರ ಪಿಟೀಲು, ಪೂವಲೂರ್ ಶ್ರೀಜಿಯವರ ಮೃದಂಗ, ರೆಝ್ ಅಬ್ಬಾಸಿಯವರ ಗಿಟಾರ್. ಕದ್ರಿಯವರು 2019ರಲ್ಲಿ ತೀರಿಕೊಂಡರು. ಅವತ್ತು ನನ್ನ ಹಳೇ ಕಾರ್ಡ್ ಹುಡುಕಿದೆ, ಸಿಗಲಿಲ್ಲ.

ಎಲೆಕ್ಟ್ರಾನಿಕ್: ಲ್ಯಾಬ್‌ನಲ್ಲಿ ಬೇಸರವಾಗಿದ್ದ ಸರ್ಕ್ಯೂಟ್

ಇಲ್ಲಿ ಎರಡೂ ಕರ್ನಾಟಕದ ಹೊರಗಿನವು. ಆದರೆ ಮರುಬಿಡುಗಡೆಯ ರಾಜಕೀಯ ಅರ್ಥವಾಗೋಕೆ ಇವೇ ಬೇಕು.

1982ರಲ್ಲಿ ಚರಣ್‌ಜಿತ್ ಸಿಂಗ್ ಅನ್ನೋ ಮುಂಬೈನ ವಾದಕ ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಕೂರಿಸಿ 'ಸಿಂಥಸೈಸಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೊ ಬೀಟ್' ಮಾಡಿದರು. ಹಿಂದಿ ಸಿನಿಮಾ ಆರ್ಕೆಸ್ಟ್ರಾಗಳಲ್ಲಿ ನುಡಿಸುತ್ತಿದ್ದವರು. ಆಲ್ಬಮ್ ಮಾರಾಟವಾಗಲಿಲ್ಲ. 2010ರಲ್ಲಿ ನೆದರ್‌ಲೆಂಡ್ಸ್‌ನ ಒಂದು ಸಣ್ಣ ಕಂಪನಿ ಅದನ್ನು ಮತ್ತೆ ತಂದಾಗ ಜಗತ್ತು ಬೆಚ್ಚಿಬಿತ್ತು. ಯಾಕೆಂದರೆ 1987ರಲ್ಲಿ ಶಿಕಾಗೊದಲ್ಲಿ ಹುಟ್ಟಿತು ಎನ್ನುವ 'ಆಸಿಡ್ ಹೌಸ್' ಸಂಗೀತದ ಸದ್ದು ಇದರಲ್ಲಿ ಐದು ವರ್ಷ ಮೊದಲೇ ಇತ್ತು.

ಕಾರಣ ಯಂತ್ರದಲ್ಲಿದೆ. ಎರಡೂ ಕಡೆ ಬಳಕೆಯಾದದ್ದು ರೋಲ್ಯಾಂಡ್ ಕಂಪನಿಯ ಟಿಬಿ-303. ಬೇಸ್ ಗಿಟಾರ್ ನುಡಿಸುವವರ ಬದಲಿಗೆ ಅಂತ ಮಾಡಿದ ಪೆಟ್ಟಿಗೆ. ಹದಿನಾರು ಮನೆಗಳಿಗೆ ಒಂದೊಂದು ಸ್ವರ ತುಂಬಿಸಿಟ್ಟರೆ ಅದು ಸುತ್ತುತ್ತಲೇ ಇರುತ್ತದೆ. ಅದರಲ್ಲಿ 'ಸ್ಲೈಡ್' ಅನ್ನೋ ಸೌಲಭ್ಯವಿದೆ. ಒಂದು ಸ್ವರದ ವೋಲ್ಟೇಜು ತಟ್ಟನೆ ಇನ್ನೊಂದಕ್ಕೆ ಹಾರದೆ ಕೆಪಾಸಿಟರ್ ಮೂಲಕ ನಿಧಾನ ಏರುತ್ತದೆ. ನಾವು ಎರಡನೇ ಸೆಮಿಸ್ಟರ್‌ನಲ್ಲಿ ಆಕಳಿಸುತ್ತಾ ಗ್ರಾಫ್ ಎಳೆದ ಆರ್‌ಸಿ ಸರ್ಕ್ಯೂಟೇ ಅದು. ರಾಗಕ್ಕೂ ಬೇಕಾದದ್ದು ಆ ಜಾರುವಿಕೆಯೇ ತಾನೆ? ಹಾಗಾಗಿ ಪಾಶ್ಚಾತ್ಯರು ಮಾರಾಟವಾಗದ ಆಟಿಕೆ ಅಂತ ಬಿಟ್ಟಿದ್ದರಲ್ಲಿ ಸಿಂಗ್ ಅವರಿಗೆ ರಾಗ ಕೇಳಿಸಿತು. ಒಟ್ಟಿಗೆ ಹತ್ತೂ ಬೇಡ, ದಿನಕ್ಕೆರಡು ಸಾಕು.

ಇನ್ನೊಂದು 2023ರ 'ದ ಎನ್‌ಐಡಿ ಟೇಪ್ಸ್'. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲಿ ಅಮೆರಿಕದ ಡೇವಿಡ್ ಟ್ಯೂಡರ್ ಮೂಗ್ ಸಿಂಥಸೈಸರ್ ಸ್ಥಾಪಿಸಿದರು. 1972ರವರೆಗೆ ಅಲ್ಲಿ ಗೀತಾ ಸಾರಾಭಾಯಿ, ಅತುಲ್ ದೇಸಾಯಿ, ಐ.ಎಸ್. ಮಾಥುರ್, ಎಸ್.ಸಿ. ಶರ್ಮಾ, ಜಿನರಾಜ್ ಜೋಶಿಪುರ ಮುಂತಾದವರು ಪ್ರಯೋಗ ಮಾಡಿದರು. ಟೇಪುಗಳು ಸಂಸ್ಥೆಯ ಕಪಾಟಿನಲ್ಲಿ ದಶಕಗಳ ಕಾಲ ಕೂತಿದ್ದವು. ಬ್ರಿಟನ್ನಿನ ಕಲಾವಿದ ಪಾಲ್ ಪರ್ಗಾಸ್ ಹುಡುಕಿ ತೆಗೆದ ಮೇಲೆ ಅವು ಆಲ್ಬಮ್ ಆದವು. ಇದರಲ್ಲಿ ಹಾಡಿಲ್ಲ, ಎಲ್ಲಾ ಇಷ್ಟವಾಗಬೇಕೆಂದೂ ಇಲ್ಲ. ಆದರೆ ನೆಹರೂ ಕಾಲದಲ್ಲಿ ಕಟ್ಟಿದ ಸರ್ಕಾರಿ ಸಂಸ್ಥೆಯೊಂದು ಲಾಭ-ನಷ್ಟ ನೋಡದೆ ಸದ್ದಿನ ಪ್ರಯೋಗಕ್ಕೆ ಒಂದು ಕೋಣೆ ಬಿಟ್ಟುಕೊಟ್ಟಿತ್ತು ಅನ್ನೋದನ್ನು ಕಿವಿಯಾರೆ ಕೇಳಬಹುದು.

ಹಾಗಾದರೆ ನಮ್ಮದನ್ನು ಯಾರು ತರುತ್ತಾರೆ?

ಇಲ್ಲೇ ನನ್ನ ತಕರಾರು. 'ಜ್ಯೋತಿ' ಉಳಿಸಿದ್ದು ಜರ್ಮನಿ. ಸಿಂಗ್ ಅವರನ್ನು ಹುಡುಕಿದ್ದು ನೆದರ್‌ಲೆಂಡ್ಸ್. ಟೇಪು ತೆರೆದದ್ದು ಬ್ರಿಟನ್. ಅವರ ಮೇಲೆ ಸಿಟ್ಟಿಲ್ಲ, ಧನ್ಯವಾದವೇ ಇದೆ. ಆದರೆ ಹೊರಗಿನವರು ಬಂದರೆ ತಮ್ಮ ಕಿವಿಗೆ ರುಚಿಸಿದ್ದನ್ನು ಮಾತ್ರ ಆರಿಸುತ್ತಾರೆ. ಡಿಸ್ಕೊ ರಾಗ ಸಿಗುತ್ತದೆ, ಹೋರಾಟದ ಹಾಡಿನ ಕ್ಯಾಸೆಟ್ ಸಿಗುವುದಿಲ್ಲ.

ಮರುಬಿಡುಗಡೆಗೆ ಮೂರು ಬೇಕು: ಮೂಲ ಟೇಪು, ಹಕ್ಕು, ಹೆಸರು. ಟೇಪು ಹಾಳಾಗುತ್ತದೆ. ಕೆಲವು ಬಗೆಯ ಹಳೇ ಟೇಪುಗಳ ಅಂಟು ತೇವ ಕುಡಿದು ಜಿಗುಟಾಗಿರುತ್ತದೆ, ಹದವಾದ ಶಾಖದಲ್ಲಿ ಗಂಟೆಗಟ್ಟಲೆ ಒಣಗಿಸಿದ ಮೇಲೇ ನುಡಿಸಬಹುದು. ಹಕ್ಕಿನ ಲೆಕ್ಕ ಹೀಗಿದೆ: ನಮ್ಮಲ್ಲಿ ಧ್ವನಿಮುದ್ರಣದ ಹಕ್ಕು ಬಿಡುಗಡೆಯಾದ ವರ್ಷ ಮುಗಿದ ಮೇಲೆ 60 ವರ್ಷ. ಅಂದರೆ 1964 ಮತ್ತು ಅದಕ್ಕಿಂತ ಹಳೆಯ ಮುದ್ರಣಗಳ ಈ ಹಕ್ಕು 2025ರ ಹೊತ್ತಿಗೆ ಮುಗಿದಿದೆ. ಹಾಡು ಬರೆದವರ, ಸಂಯೋಜಿಸಿದವರ ಹಕ್ಕು ಬೇರೆ. ಅದು ಅವರ ಜೀವಿತಾವಧಿ ಮತ್ತು ನಂತರ 60 ವರ್ಷ.

ಬಟವಾಡಿಯಿಂದ ಗುಬ್ಬಿ ಇಪ್ಪತ್ತು ಕಿಲೋಮೀಟರ್ ಆಸುಪಾಸು. 1884ರಲ್ಲಿ ಅಲ್ಲಿ ಹುಟ್ಟಿದ ನಾಟಕ ಕಂಪನಿಯ ಹೆಸರು ನಾಡಿಗೆಲ್ಲ ಗೊತ್ತು. ಆ ಕಾಲದ ಕನ್ನಡ ರಂಗಗೀತೆಗಳ 78 ಆರ್‌ಪಿಎಂ ತಟ್ಟೆಗಳು ಈಗ ಯಾರ ಅಟ್ಟದ ಮೇಲಿವೆ? ಎಪ್ಪತ್ತು-ಎಂಬತ್ತರ ದಶಕದ ದಲಿತ, ರೈತ ಚಳವಳಿಯ ಹಾಡಿನ ಕ್ಯಾಸೆಟ್ಟುಗಳಲ್ಲಿ ತಮಟೆ ಬಾರಿಸಿದವರ ಹೆಸರನ್ನು ಯಾರು ಬರೆದಿಟ್ಟಿದ್ದಾರೆ? ಅದನ್ನು ಹೇಳಬಲ್ಲವರಿಗೆ ಈಗ ಎಪ್ಪತ್ತು ದಾಟಿದೆ.

ಆದ್ದರಿಂದ ಎರಡು ಕೆಲಸ ಹೇಳ್ತೀನಿ. ಒಂದು ಸುಲಭ: ಬಟವಾಡಿಯಲ್ಲಿ ಬೆಂಗಳೂರು ಬಸ್ ಹತ್ತಿದಾಗ ಶಫಲ್ ಆರಿಸಿ, 'ಜ್ಯೋತಿ' ಹಾಕಿ. ಕ್ಯಾತ್ಸಂದ್ರ ದಾಟುವಾಗ ಶುರುವಾದರೆ ನೆಲಮಂಗಲದ ಹೊತ್ತಿಗೆ ಇಡೀ ಆಲ್ಬಮ್ ಮುಗಿದಿರುತ್ತದೆ. ನಡುವೆ ಆ್ಯಪಿನಲ್ಲಿ ಕ್ರೆಡಿಟ್ಸ್ ತೆರೆದು ಹೆಸರು ಓದಿ. ಎರಡನೆಯದು ಸ್ವಲ್ಪ ಕಷ್ಟ: ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ಅಟ್ಟ ಹತ್ತಿ. ಕ್ಯಾಸೆಟ್ಟೋ ತಟ್ಟೆಯೋ ಸಿಕ್ಕರೆ ಗುಜರಿಗೆ ಹಾಕಬೇಡಿ. ಎರಡೂ ಬದಿಯ ಚೀಟಿಯ ಫೋಟೊ ತೆಗೆದಿಡಿ. ಆಮೇಲೆ ಅಜ್ಜನನ್ನೋ ಸೋದರಮಾವನನ್ನೋ ಕೂರಿಸಿಕೊಂಡು, "ಇದ್ರಲ್ಲಿ ನುಡಿಸಿರೋದು ಯಾರು?" ಅಂತ ಕೇಳಿ, ಹೇಳಿದ್ದನ್ನು ಬರೆದುಕೊಳ್ಳಿ.